ಚಟ್ಟಹೂಚಿಯ ದಕ್ಷಿಣ ತೀರದ ಗೌರಿ

ನಮ್ಮ ಮನೆಯ ಪುರೋಹಿತರು ಅರಿಶಿನದ ಡಬ್ಬಿಗೆ ಒರಗಿಕೊಂಡು ಕೂರುತ್ತಾರೆ. ಗಾಬರಿಯಾಗಬೇಡಿ, ಅವರಿರುವುದು ಫೋನಿನೊಳಗೆ. ಕೋವಿಡ್ ಬಂದ ವರ್ಷ ಇಲ್ಲಿಯ ದೇವಸ್ಥಾನದ ಬಾಗಿಲು ಮುಚ್ಚಿದಾಗ, ಮೈಸೂರಿನ ನನ್ನ ತವರಿನ ಭಟ್ಟರು ಸ್ವರ್ಣಗೌರಿ ವ್ರತವನ್ನು ಮೊದಲಿನಿಂದ ಮಂಗಳಾರತಿಯವರೆಗೆ ಹೇಳಿ, ರೆಕಾರ್ಡ್ ಮಾಡಿ ಕಳಿಸಿಕೊಟ್ಟರು. ಅಂದಿನಿಂದ ಅವರು ಹೇಳಿದ್ದನ್ನೆಲ್ಲ ನಾನೂ ಹೇಳುತ್ತೇನೆ, ನಡುವೆ ಅವರು ಕೆಮ್ಮಿದ್ದೊಂದನ್ನು ಬಿಟ್ಟು.

ಪೂಜೆಗೆ ಮುಂಚೆ ಸಂಕಲ್ಪವೆಂಬುದೊಂದಿದೆಯಲ್ಲ, ಯಾರು, ಯಾವ ಕಾಲದಲ್ಲಿ, ಯಾವ ನೆಲದ ಮೇಲೆ ಕೂತು ಪೂಜಿಸುತ್ತಿದ್ದೇವೆಂದು ದೇವರಿಗೆ ವಿಳಾಸ ಒಪ್ಪಿಸುವುದು, ಅದರಲ್ಲಿ ನಾನು ವರ್ಷವರ್ಷವೂ ದಂಡಕಾರಣ್ಯದಲ್ಲಿ, ಗೋದಾವರಿಯ ದಕ್ಷಿಣ ತೀರದಲ್ಲಿ ಇದ್ದೇನೆಂದು ಭಕ್ತಿಯಿಂದ ಸಾರುತ್ತಲೇ ಬಂದೆ. ಕೂತಿದ್ದದ್ದು ಮಾತ್ರ ಜಾರ್ಜಿಯಾ ರಾಜ್ಯದ ಡುಲುತ್‌ನಲ್ಲಿ, ಡಿಶ್‌ವಾಷರಿನ ಪಕ್ಕದಲ್ಲಿ.

ಇದನ್ನು ಕಂಡುಹಿಡಿದವಳು ನನ್ನ ಮಗಳು ಅನಘಾ. ಇಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ವರ್ಷವಿಡೀ ಜಾರ್ಜಿಯಾದ್ದೇ ಪಾಠ: ನದಿ, ಬೆಟ್ಟ, ಬೆಳೆ, ಯುದ್ಧ. ಈ ವರ್ಷ ಪೂಜೆಗೆ ಕೂರುವುದಿಲ್ಲವೆಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ಗೌರಿಹಬ್ಬವೆಂದರೆ ತಾಯಿ ಮಗಳ ಹಬ್ಬ. ಒಬ್ಬಳೇ ಕೂತು ಮಾಡುವುದಾದರೆ ನಾನು ಯಾರಿಗಾಗಿ ಮಾಡಲಿ? ಹಬ್ಬಕ್ಕೆ ಎರಡು ದಿನವಿರುವಾಗ, ಬಾಗಿನಕ್ಕೆ ಬೇಳೆ ಅಳೆಯುತ್ತ ರೆಕಾರ್ಡಿಂಗ್ ಸರಿಯಿದೆಯೇ ಎಂದು ಹಾಕಿ ನೋಡುತ್ತಿದ್ದೆ. ಅವಳು ಫ್ರಿಜ್ಜಿನ ಬಾಗಿಲು ಹಿಡಿದು ನಿಂತೇ ಕೇಳಿದಳು.

“ಅಮ್ಮ, ಗೋದಾವರಿ ಇಲ್ಲಿ ಇಲ್ಲ. ವಿ ಜಸ್ಟ್ ಹ್ಯಾಡ್ ಎ ಟೆಸ್ಟ್ ಆನ್ ರಿವರ್ಸ್. ನೀನು ದೇವರಿಗೆ ಸುಳ್ಳು ಹೇಳ್ತಾ ಇದೀಯಾ?”

ಎಷ್ಟು ವರ್ಷದ ಪುಣ್ಯ ಗೋದಾವರಿಯ ದಡದ ಯಾರ ಮನೆಗೆ ತಲುಪಿತೋ! ಅವರಾದರೂ ಚೆನ್ನಾಗಿರಲಿ. ಅಮೆರಿಕದ ಅರ್ಚಕರು ಕ್ರೌಂಚದ್ವೀಪವೆಂದು ಹೇಳುವುದುಂಟು ಎಂದೆ. ಮ್ಯಾಪಿನಲ್ಲಿ ತೋರಿಸು ಎಂದಳು. ನಮ್ಮ ಯಜಮಾನರು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, ಜಿಪ್ ಕೋಡ್ ಹೇಳಿದರೆ ಸಾಕೆಂದರು. ಕೊನೆಗೆ ನಾನೇ ಸೋತು, ಸರಿಯಾದ ವಿಳಾಸ ನೀನೇ ಬರೆದುಕೊಡು, ಆದರೆ ಪಕ್ಕದಲ್ಲಿ ಕೂರಬೇಕು ಎಂದೆ. ಅವಳು ನೋಟ್‌ಬುಕ್ ತಂದಳು.

ನದಿಯೇನೋ ಸುಲಭವಾಗಿ ಸಿಕ್ಕಿತು. ನಮ್ಮೂರು ಚಟ್ಟಹೂಚಿ ನದಿಯ ಈಚೆ ದಡದ್ದು, ಹೆಚ್ಚುಕಡಿಮೆ ದಕ್ಷಿಣ ತೀರವೇ. ಅರ್ಧ ವಿಳಾಸವಾದರೂ ಸರಿಯಿತ್ತಲ್ಲ, ಅದೂ ಒಂದು ಕೃಪೆ. ಉತ್ತರಕ್ಕೆ ಅಪಲಾಚಿಯನ್ ಬೆಟ್ಟ, ಪೂರ್ವಕ್ಕೆ ಸಮುದ್ರ, ಕಾಲಡಿಯಲ್ಲಿ ಕುಂಕುಮದಂಥ ಕೆಂಪು ಮಣ್ಣು. ದಂಡಕಾರಣ್ಯದ ಜಾಗಕ್ಕೆ ಪೈನ್ ಮರದ ಕಾಡು. ಚೈತ್ರ ಬಂತೆಂದರೆ ಅದರ ಪರಾಗ ಕಾರು, ಕಿಟಕಿ, ಕಟ್ಟೆಗಳಿಗೆಲ್ಲ ಅರಿಶಿನ ಹಚ್ಚುತ್ತದೆ, ಊರು ಮುತ್ತೈದೆಯಾಗುತ್ತದೆ, ಜನ ಸೀನುತ್ತಾರೆ.

ಈ ನೆಲದ ಸಂಪತ್ತನ್ನು ಬರೆಯುವ ಸಾಲಿಗೆ ಬಂದಾಗ ತೊಡಕಾಯಿತು. ಈ ರಾಜ್ಯದ ಕಾರಿನ ನಂಬರ್ ಪ್ಲೇಟಿನ ಮೇಲೆ ಪೀಚ್ ಹಣ್ಣಿದೆ, ಕಂಡ ಕಂಡ ಬೀದಿಗೂ ಪೀಚ್‌ಟ್ರೀ ಎಂದೇ ಹೆಸರು, ಆದರೆ ಆ ಬೀದಿಗಳಲ್ಲಿ ನಾನು ಒಂದು ಪೀಚ್ ಮರವನ್ನೂ ಕಾಣಲಿಲ್ಲ. ನಿಜವಾಗಿ ರಾಜ್ಯವನ್ನು ಸಾಕುವುದು ಕೋಳಿ ಎಂದಳು ಮಗಳು. ಈರುಳ್ಳಿಯನ್ನೂ ಮುಟ್ಟದೆ ಗೌರಿಗೆ ಅಡುಗೆ ಮಾಡುವವಳು ಕೋಳಿಯ ಅನ್ನ ಉಣ್ಣುವ ರಾಜ್ಯದಲ್ಲಿ ನೆಲೆಸಿದ್ದೇನೆಂದು ದೇವರಿಗೆ ಹೇಗೆ ಹೇಳಲಿ? ಕಡಲೆಕಾಯಿಯೂ ಇದೆಯೆಂದಾಗ ಉಸಿರು ಬಂತು; ಅದನ್ನೇ ಬರೆಸಿದೆ. ಯಾತ್ರಾಸ್ಥಳಗಳಲ್ಲಿ ನಮ್ಮ ಜನ ತಪ್ಪದೆ ದರ್ಶನ ಪಡೆಯುವುದು ಅಟ್ಲಾಂಟಾದ ವಿಮಾನನಿಲ್ದಾಣ. ಸ್ವರ್ಗಕ್ಕೆ ಹೋಗುವವರೂ ಇಲ್ಲಿ ಇಳಿದು ಹತ್ತಬೇಕೆಂದು ಇಲ್ಲಿಯವರೇ ನಗುತ್ತಾರೆ. ಆಮೇಲೆ ಅಕ್ವೇರಿಯಂ ಎಂಬ ಮೀನಿನ ದೊಡ್ಡ ತೊಟ್ಟಿ. ಮೀನು ತಿನ್ನದವರೇ ಟಿಕೆಟ್ ಕೊಂಡು ಹೋಗಿ, ಎಷ್ಟು ಚೆನ್ನಾಗಿದೆ ಎಂದು ಬರುತ್ತಾರೆ. ಆಮೇಲೆ ಸ್ಟೋನ್ ಮೌಂಟನ್. ಊರಿನಿಂದ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ದು, ಬಂಡೆಯಲ್ಲಿ ಕೆತ್ತಿದ ಕುದುರೆ ಸವಾರರ ಮುಂದೆ ನಿಲ್ಲಿಸಿ ಫೋಟೊ ತೆಗೆದಿದ್ದೇನೆ. ಅವರು ಯಾರೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಅನಘಾ ಹೇಳಿದಳು. ಮನುಷ್ಯರನ್ನು ಕೊಂಡು ಮಾರಿ, ಹತ್ತಿ ಹೊಲದಲ್ಲಿ ದುಡಿಸುವ ಪದ್ಧತಿ ಉಳಿಯಲೆಂದು ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ನಾಯಕರಂತೆ. ಅದಕ್ಕೂ ಮೊದಲು ಇಲ್ಲಿದ್ದ ಚೆರೊಕಿ, ಮಸ್ಕೋಗಿ ಜನರನ್ನು ನೆಲಕ್ಕಾಗಿ, ಚಿನ್ನಕ್ಕಾಗಿ ಓಡಿಸಿದರಂತೆ. ಚಟ್ಟಹೂಚಿ ಎಂಬ ಹೆಸರು ಆ ಜನರ ಮಾತಿನದು. ಹೆಸರನ್ನು ಇಟ್ಟುಕೊಂಡು ಇಟ್ಟವರನ್ನು ಕಳಿಸಿಬಿಟ್ಟರು.

“ಅದನ್ನೂ ಸೇರಿಸ್ಬೇಕು,” ಎಂದಳು.

“ಹಬ್ಬದ ದಿನ ಅಂಥ ಮಾತು ಬೇಡ ಪುಟ್ಟಿ.”

“ದೆನ್ ಇಟ್ಸ್ ಸ್ಟಿಲ್ ಎ ಲೈ, ಅಮ್ಮ. ನಾನು ಕೂರಲ್ಲ.”

ಮಾರನೆಯ ದಿನ ಕೊರಿಯನ್ ಅಂಗಡಿಯಲ್ಲಿ ಬಾಳೆಎಲೆ ಆರಿಸುವಾಗಲೂ ನನಗೆ ಅದೇ ಯೋಚನೆ. ಮೂರು ತಲೆಮಾರಿನ ಹೆಸರು ಹೇಳಿ ತರ್ಪಣ ಬಿಡುವ ಜನ ನಾವು. ಇಲ್ಲಿ ಮನೆ ಕೊಳ್ಳುವಾಗ ವಾಸ್ತು ನೋಡಿದೆವು, ಶಾಲೆ ನೋಡಿದೆವು, ಮಣ್ಣಿನಲ್ಲಿ ಮೊದಲು ಯಾರ ಒಲೆ ಉರಿದಿತ್ತೆಂದು ಕೇಳಲಿಲ್ಲ. ಅಶುಭವೆಂದು ನಾನು ಹೆದರಿದ್ದು ಮಾತಿಗೋ, ನಿಜಕ್ಕೋ?

ಹಬ್ಬದ ಬೆಳಗ್ಗೆ ಅವಳು ಸ್ಕೂಲಿನ ಬ್ಯಾಗು ಹೆಗಲಿಗೇರಿಸಿಕೊಂಡೇ ಬಾಗಿಲಲ್ಲಿ ನಿಂತಿದ್ದಳು, ಕೇಳಿಯೇ ಹೋಗುತ್ತೇನೆಂಬಂತೆ. ಭಟ್ಟರು ದಂಡಕಾರಣ್ಯಕ್ಕೆ ಬಂದರು. ನಾನು ಅವರನ್ನು ನಿಲ್ಲಿಸಿದೆ. ಚಟ್ಟಹೂಚಿಯ ದಕ್ಷಿಣ ತೀರದಲ್ಲಿ, ಎಂದೆ. ಸಂಸ್ಕೃತ ಅಲ್ಲಿಗೇ ಮುಗಿಯಿತು, ಉಳಿದದ್ದು ಬರೀ ಕನ್ನಡ. ಪೈನ್ ಮರಗಳ ನಡುವೆ, ಕೆಂಪು ಮಣ್ಣಿನ ಮೇಲೆ, ಈ ನದಿಗೆ ಹೆಸರಿಟ್ಟು ಹೊರಟುಹೋಗಬೇಕಾಗಿ ಬಂದವರ ನೆಲದಲ್ಲಿ, ಹತ್ತಿ ಬಿಡಿಸಿ ಕೂಲಿ ಕಾಣದವರ ನೆಲದಲ್ಲಿ, ಎಲ್ಲರಿಗಿಂತ ಕೊನೆಗೆ ಬಂದು ಕೂತಿರುವ ನಾನು, ತಾಯಿ.

ಬ್ಯಾಗು ನೆಲಕ್ಕಿಳಿದ ಸದ್ದಾಯಿತು. ಅವಳು ಬಂದು ಪಕ್ಕದಲ್ಲಿ ಕೂತು, ಅಕ್ಷತೆ ನೀರು ಬಿಡಲು ನಾನು ಚಾಚಿದ್ದ ಕೈಯ ಕೆಳಗೆ ತನ್ನ ಅಂಗೈ ಇಟ್ಟಳು.

ಪೂಜೆ ಮುಗಿದಾಗ ಹದಿನಾರು ಗಂಟಿನ ಗೌರಿದಾರವನ್ನು ಅವಳ ಬಲಗೈಗೆ ಕಟ್ಟಿದೆ. ಕಳೆದ ವರ್ಷ ಬಸ್ ಸ್ಟಾಪಿಗೆ ಹೋಗುವ ಮುಂಚೆಯೇ ಅದನ್ನು ಅಂಗಿಯ ತೋಳಿನೊಳಗೆ ತುರುಕಿಕೊಂಡಿದ್ದಳು. ಈ ಸಲ ಕಿಟಕಿಯಲ್ಲಿ ನಿಂತು ನೋಡಿದೆ. ಹಳದಿ ಬಸ್ಸು ಬಂತು, ಹತ್ತಲು ಕಂಬಿ ಹಿಡಿದಳು, ದಾರ ಹೊರಗೇ ಇತ್ತು.