ತಸಲ್ಲಾ ಕಡಿಯದ ಮರಗಳು

ದಾನ್‌ಕೋರಿ ಎಂಬ ಮರಳುಸೀಮೆಯ ಹಳ್ಳಿಗೆ ಮದುವೆಯಾಗಿ ಬಂದಾಗ ತಸಲ್ಲಾಳ ಪಾಲಿಗೆ ಸಿಕ್ಕ ಹೊಲದಲ್ಲಿ ನೆರಳೆಂಬುದೇ ಇರಲಿಲ್ಲ. ಬಿತ್ತನೆಯ ಹೊತ್ತಿಗೆ ಏಳುವ ಗಾಳಿ ಎಳೆ ಸಜ್ಜೆಯನ್ನು ಮರಳಿನಲ್ಲಿ ಹೂತುಬಿಡುತ್ತಿತ್ತು. ನೆಲದಡಿಯ ಹಳೆಯ ಗಾವೊ ಮರಗಳ ಬೇರು ಮಾತ್ರ ಸತ್ತಿರಲಿಲ್ಲ. ಮೋಟುಗಳು ವರ್ಷ ವರ್ಷವೂ ಚಿಗುರುತ್ತಿದ್ದವು, ಹೊಲ ಹಸನು ಮಾಡುವವರು ವರ್ಷ ವರ್ಷವೂ ಆ ಚಿಗುರನ್ನು ಸವರಿ ಸುಡುತ್ತಿದ್ದರು. ಚೊಚ್ಚಲ ಬಸುರಿನಲ್ಲಿ ಬಗ್ಗಲಾಗದೆ ತಸಲ್ಲಾ ಅರ್ಧ ಹೊಲವನ್ನು ಹಾಗೆಯೇ ಬಿಟ್ಟಳು. ಆ ಅರ್ಧದಲ್ಲಿ ಚಿಗುರಿನ ಮರೆಗೆ ಸಜ್ಜೆ ಗಾಳಿಗೆ ಜಗ್ಗದೆ ನಿಂತಿತು.

ಅಂದಿನಿಂದ ಅವಳು ಮೋಟಿಗೆ ಎರಡು ಗಟ್ಟಿ ಚಿಗುರು ಉಳಿಸತೊಡಗಿದಳು. ಪಕ್ಕದ ಹೊಲದ ಬರ್ಮೊ, “ಸಜ್ಜೆ ಬೆಳೀತೀಯೋ, ಪೊದೆ ಬೆಳೆಸಿ ಕತ್ತೆಕಿರುಬ ಸಾಕ್ತೀಯೋ?” ಎಂದು ಆಡಿಕೊಂಡ. ಆದರೆ ಗಾವೊ ಮಳೆಗಾಲದಲ್ಲೇ ಎಲೆ ಉದುರಿಸುವ ಮರ, ಬೆಳೆಗೆ ಬಿಸಿಲು ತಪ್ಪಿಸುವುದಿಲ್ಲ. ಬೇಸಿಗೆಯಲ್ಲಿ ಅದು ಚಿಗುರಿ ಕಾಯಿ ಬಿಟ್ಟಾಗ ಗಿದಾಡೊ ಎಂಬ ಅಲೆಮಾರಿ ಫುಲಾನಿ ಜನಾಂಗದ ದನಗಾಹಿ ತನ್ನ ಮಂದೆ ತಂದು ಅಲ್ಲೇ ಬೀಡು ಬಿಡುತ್ತಿದ್ದ. ದನಕ್ಕೆ ಕಾಯಿ, ಹೊಲಕ್ಕೆ ಗೊಬ್ಬರ. ತಸಲ್ಲಾ ಮನೆಮನೆಗೂ ಹೋಗಿ, ಬೈಸಿಕೊಂಡು, ಹೇಳಿದ್ದನ್ನೇ ಹೇಳಿದಳು. ಕೊನೆಗೆ ಬರ್ಮೊನೂ ಮರ ಬೆಳೆಸಿದ. ಹಸಿಮರಕ್ಕೆ ಯಾರೂ ಕೊಡಲಿ ಹಾಕಬಾರದೆಂದು ಊರ ಮುಖ್ಯಸ್ಥ ಮಗಾಜಿಯ ಮುಂದೆ ಎಲ್ಲರೂ ಮಾತು ಕೊಟ್ಟರು.

ಹಲವು ವರ್ಷಗಳ ಮೇಲೆ, ಮಳೆ ಅರ್ಧಕ್ಕೇ ನಿಂತ ವರ್ಷವೊಂದು ಬಂತು. ತಸಲ್ಲಾಳ ಗಂಡ, ಇಲ್ಲಿಯಾ ಎಂಬವನು, ಕೂಲಿಗೆಂದು ಕಾನೊ ಪಟ್ಟಣದ ಕಡೆ ಹೋದವನು ಸುದ್ದಿಯನ್ನೇ ಕಳಿಸಲಿಲ್ಲ. ಮನೆಯಲ್ಲಿ ಉಳಿದವರು ತಸಲ್ಲಾ, ಅವಳ ಸವತಿ ಹುರೆ, ಹುರೆಯ ಇಬ್ಬರು ಸಣ್ಣ ಮಕ್ಕಳು. ಬೇರೆ ಊರಿಗೆ ಮದುವೆಯಾಗಿ ಹೋದ ತನ್ನ ಮಗಳ ಬಾಣಂತನಕ್ಕೆ ಹೋಗಿದ್ದ ತಸಲ್ಲಾ ಹಿಂದಿರುಗುವಾಗ ರಸ್ತೆಯಿಂದಲೇ ನೋಡಿದಳು. ತನ್ನ ಹೊಲದ ಅಂಚಿನ ನಾಲ್ಕು ಗಾವೊ ಮರಗಳು ಇರಲಿಲ್ಲ. ಕಡಿದ ಬುಡ ಇನ್ನೂ ಹಸಿಯಾಗಿತ್ತು.

ಊರೊಳಗೆ ಗಿದಾಡೊನನ್ನು ಹಿಡಿದು ಕೂರಿಸಿದ್ದರು. ಪೇಟ ಬಿಚ್ಚಿಹೋಗಿತ್ತು, ತುಟಿ ಒಡೆದಿತ್ತು. ಹೋದ ವರ್ಷ ದನದ ಮೇವಿಗೆಂದು ಕೊಂಬೆ ಸವರಿದವನು ಈಗ ಬುಡಕ್ಕೇ ಬಂದನೆಂದು ಗಂಡಸರು ಕೂಗಾಡುತ್ತಿದ್ದರು. ತಸಲ್ಲಾ ಗಂಟು ಇಳಿಸಿ ಬರಲು ಮನೆಗೆ ಹೋದಳು. ಹುರೆ ಮುದ್ದೆ ತಿರುವುತ್ತಿದ್ದಳು. ಮಡಕೆಯ ಪಕ್ಕ ಒಂದು ಚೀಲ ಸಜ್ಜೆಯಿತ್ತು.

“ಇದೆಲ್ಲಿಂದ ಬಂತು, ಹುರೆ?”

ಹುರೆ ಕೈ ನಿಲ್ಲಿಸಲಿಲ್ಲ. “ಸಣ್ಣದು ಅಳೋದನ್ನೂ ಬಿಟ್ಬಿಟ್ಟಿತ್ತು ಅಕ್ಕ. ಸೌದೆ ಲಾರಿ ನಿಂತಿತ್ತು, ಸಜ್ಜೆ ಕೊಟ್ಟು ಮರ ಕಡ್ಕೊಳ್ಳಿ ಅಂದೆ. ನೀನಿದ್ದಿದ್ರೆ ಕೇಳ್ತಿದ್ದೆ.”

“ಅಲ್ಲಿ ಗಿದಾಡೊನ್ನ ಹೊಡೀತಿದಾರೆ.”

“ಗೊತ್ತು. ಹೋಗಿ ಹೇಳು. ನನ್ನ ತೌರಿಗೆ ಅಟ್ತಾರೆ, ಮಕ್ಕಳನ್ನ ಇಲ್ಲೇ ಇಟ್ಕೋತಾರೆ. ಅಷ್ಟೇ ತಾನೆ.”

ತಸಲ್ಲಾಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಮೂಲೆಯಲ್ಲಿ ಮಗು ಬಿಸಿ ಮುದ್ದೆಯನ್ನು ಊದಿಕೊಳ್ಳದೆಯೇ ಬಾಯಿಗೆ ತುರುಕಿಕೊಳ್ಳುತ್ತಿತ್ತು. ತಸಲ್ಲಾ ಗಂಟನ್ನು ಅಲ್ಲೇ ಇಳಿಸಿ ಹೊರಟಳು.

ಗಂಡಸರ ನಡುವೆ ಹೋಗಿ ನಿಂತು, “ಗಿದಾಡೊನ್ನ ಬಿಡಿ. ಮರ ಮಾರಿದ್ದು ನಾನು,” ಎಂದಳು.

ಮಗಾಜಿ ನಂಬಲಿಲ್ಲ. “ನೀನು ಊರಲ್ಲೇ ಇರ್ಲಿಲ್ವಲ್ಲಮ್ಮ.”

“ಹೋಗೋ ಮುಂಚೆನೇ ಮಾತಾಡಿದ್ದೆ. ಲಾರಿಯೋರು ಆಮೇಲೆ ಬಂದು ಕಡ್ಕೊಂಡ್ರು.”

ಯಾರೋ ನಕ್ಕರು. ಗಿದಾಡೊ ಅವಳನ್ನು ಬಹಳ ಹೊತ್ತು ನೋಡಿ, ಪೇಟ ಸುತ್ತಿಕೊಂಡು, ಮಂದೆ ಹೊಡೆದುಕೊಂಡು ಹೊರಟುಹೋದ. ಅಲ್ಲಿಗೆ ಮುಗಿಯಿತೆಂದು ತಸಲ್ಲಾ ಅಂದುಕೊಂಡಳು.

ಮುಗಿಯಲಿಲ್ಲ. ವಾರ ಕಳೆಯುವುದರೊಳಗೆ ಬರ್ಮೊನ ಹೊಲದಲ್ಲಿ ಕೊಡಲಿಯ ಸದ್ದು ಕೇಳಿತು. ಅವಳು ಓಡಿಹೋಗಿ ಅವನ ತೋಳು ಹಿಡಿದಳು. ಬರ್ಮೊ ಸಿಟ್ಟಾಗಲಿಲ್ಲ, ಸೋತವನಂತೆ ಮಾತಾಡಿದ.

“ನಿನ್ನ ಮಾತು ಕೇಳಿ ಬೆಳೆಸ್ದೆ, ನಿನ್ನ ನೋಡಿ ಕಡೀತಿದೀನಿ. ನನ್ನ ಮನೇಲೂ ಹಸಿವಿದೆ ತಸಲ್ಲಾ.”

ನಿಜ ಹೇಳಿದರೆ ಹುರೆ ಮಕ್ಕಳನ್ನು ಕಳೆದುಕೊಳ್ಳುತ್ತಾಳೆ. ತಸಲ್ಲಾ ಅವನ ತೋಳು ಬಿಟ್ಟಳು. ಬರ್ಮೊನನ್ನು ನೋಡಿ ಮತ್ತೊಬ್ಬ, ಅವನನ್ನು ನೋಡಿ ಇನ್ನೊಬ್ಬ. ರಸ್ತೆಯುದ್ದಕ್ಕೂ ಸೌದೆ ಪೇರಿಸಿತ್ತು. ಮಗಾಜಿಯ ಮಾತಿಗೂ ಬೆಲೆಯಿಲ್ಲದಾಯಿತು. ತಸಲ್ಲಾ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗತೊಡಗಿದಳು. ಅದನ್ನು ನೋಡಲಾರದೆ ಹುರೆ ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಎಲ್ಲರೆದುರಿಗೆ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಹೆಂಗಸರು ಕೊಡ ತುಂಬುವುದನ್ನೂ ನಿಲ್ಲಿಸಲಿಲ್ಲ. ದೊಡ್ಡವಳ ಮಾನ ಉಳಿಸಲು ಚಿಕ್ಕವಳು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡರು.

ಮಳೆಗೆ ಮುಂಚೆ ಗಂಡ ಇಲ್ಲಿಯಾ ಬಂದ. ಎರಡು ಕತೆ ಕೇಳಿ, ನಿಜ ಯಾವುದೆಂದು ತಸಲ್ಲಾಳನ್ನು ಕೇಳಿದ. ಅವಳು ಹೇಳಿದಳು. ಅವನು ಹುರೆಯನ್ನು ಅಟ್ಟಲಿಲ್ಲ. ಆದರೆ ಆ ಮಳೆಗಾಲವಿಡೀ ಇಬ್ಬರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಬರ್ಮೊನ ಬೋಳು ಹೊಲದಿಂದ ಎದ್ದ ಮರಳು ತಸಲ್ಲಾಳ ಸಜ್ಜೆಯ ಮೇಲೂ ಬಿತ್ತು. ಸವತಿಯರಿಬ್ಬರೂ ಮಂಡಿಯೂರಿ ಒಂದೊಂದೇ ಸಸಿಯನ್ನು ಮರಳಿನಿಂದ ಕೈಯಾರೆ ಬಿಡಿಸಿದರು. ಕೆಲವು ಬದುಕಿದವು.

ಮುಂದಿನ ಬೇಸಿಗೆಯಲ್ಲಿ ಉಳಿದ ಮರಗಳ ಕಾಯಿ ಉದುರಿ ಬಿದ್ದಿತ್ತು, ಮಂದೆ ಬರಲಿಲ್ಲ. ದಾರಿಹೋಕ ದನಗಾಹಿಯೊಬ್ಬನ ಕೈಲಿ ತಸಲ್ಲಾ ಗಿದಾಡೊನಿಗೆ ಕರೆ ಕಳಿಸಿದಳು. ಬಹಳ ದಿನಗಳ ಮೇಲೆ ಉತ್ತರ ಬಂತು: ತಸಲ್ಲಾಳ ಮೇಲೆ ಅವನಿಗೆ ಸಿಟ್ಟಿಲ್ಲ, ಅವಳು ಮಾಡಿದ್ದು ಅವನಿಗೆ ಗೊತ್ತಿದೆ, ಆದರೆ ಆ ಊರಿಗೆ ತನ್ನ ಮಕ್ಕಳನ್ನು ಕರೆದುಕೊಂಡು ಬರಲು ಅವನಿಗೆ ಭಯ.