ಅಣ್ಣನ ಜಗಲಿಯಲ್ಲಿ ಬೆಲ್ಲಿ ಡ್ಯಾನ್ಸ್

ಮೀನು ಮಾರುವುದರಲ್ಲಿ ಕೂಗುವ ಕೆಲಸ ಅಕ್ಕನದು, ಕೊಯ್ಯುವ ಕೆಲಸ ನನ್ನದು. ಬೆಳಗಿನ ಟೆಂಪೋದಲ್ಲಿ ಕಾಪುವಿನಿಂದ ಹೊರಟು ಮಣಿಪಾಲದಲ್ಲಿ ಇಳಿದು, ಬುಟ್ಟಿ ತಲೆಗೇರಿಸಿ ನಡೆಯುತ್ತಿದ್ದೆವು. ಅವಳು ಮುಂದೆ, ನಾನು ಹಿಂದೆ. ಅವಳು ಒಮ್ಮೆ ಕೂಗಿದರೆ ಮೇಲಿನ ಮಾಳಿಗೆಯ ಕಿಟಕಿಗಳೂ ತೆರೆಯುತ್ತಿದ್ದವು. ನಾನು ಮೊದಲಿನಿಂದಲೂ ಮಾತು ಕಡಿಮೆಯವಳು. ಗೇಟಿನ ಬದಿಯಲ್ಲಿ ಕುಳಿತು ಬಂಗುಡೆ ಶುಚಿ ಮಾಡಿ ಕೊಟ್ಟರೆ ನನ್ನ ಕೆಲಸ ಮುಗಿಯಿತು.

ನನಗೆ ಮದುವೆಯಾಗಲಿಲ್ಲ. ಅಕ್ಕನ ಮನೆಯೇ ನನ್ನ ಮನೆ, ಅಕ್ಕನ ಮಗಳೇ ನನ್ನ ಮಗಳು. ಬಾವ ಬೇಗ ಹೋದರು. ನಾವು ಮೂರು ಹೆಂಗಸರು ಹೇಗೋ ಚೆನ್ನಾಗಿಯೇ ಇದ್ದೆವು.

ಆಟಿ ತಿಂಗಳಲ್ಲಿ, ಮಳೆಗೆ ಬೋಟುಗಳೆಲ್ಲ ದಡ ಹತ್ತಿದ್ದ ದಿನಗಳಲ್ಲಿ, ಅಕ್ಕ ಎದೆನೋವೆಂದು ಮಲಗಿದವಳು ಏಳಲಿಲ್ಲ. ಉತ್ತರಕ್ರಿಯೆ, ಬೊಜ್ಜದ ಊಟ ಮುಗಿದು ನೆಂಟರು ಹೋದ ಮೇಲೆ ನಾನು ಒಬ್ಬಳೇ ಬುಟ್ಟಿ ಹೊತ್ತು ಮಣಿಪಾಲಕ್ಕೆ ಹೊರಟೆ. ಕೂಗಲು ಬಾಯಿ ತೆರೆದೆ, ಸ್ವರ ಬರಲಿಲ್ಲ. ಅಂದಿನಿಂದ ಪರಿಚಯದ ಮನೆಗಳ ಬೆಲ್ ಒತ್ತಿ ಮಾರಲು ತೊಡಗಿದೆ. ಹಸಿವು ಎನ್ನುವುದು ಇರಲಿಲ್ಲ. ಅನ್ನ ಬಡಿಸಿಕೊಂಡು ಕುಳಿತರೆ ತಟ್ಟೆ ನೋಡುವುದು, ಎದ್ದು ತೊಳೆಯುವುದು. ಅಕ್ಕನ ಹುಡುಗಿ ಬಯ್ಯುತ್ತಿದ್ದಳು.

ನಮ್ಮ ಗಿರಾಕಿಗಳಲ್ಲಿ ಧಾರವಾಡದ ಕಡೆಯ ಒಬ್ಬರು ಇದ್ದರು. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವರು, ಇಲ್ಲಿಗೆ ಬಂದ ಮೇಲೆ ಮೀನು ತಿನ್ನಲು ಕಲಿತವರು. ಒಂದು ಶನಿವಾರ ಸಂಜೆ ಸಿಗಡಿ ಬೇಕೆಂದು ಹೇಳಿದ್ದರು. ಬೆಲ್ ಒತ್ತಿದರೂ ಬಾಗಿಲು ತೆರೆಯಲಿಲ್ಲ. ಟೆರೇಸಿನ ಕೋಣೆಯಿಂದ ಡೋಲಿನ ಸದ್ದು ಕೇಳುತ್ತಿತ್ತು. ಹತ್ತಿ ಹೋದೆ. ಒಳಗೆ ನಾಲ್ಕೈದು ಹೆಂಗಸರು, ಸೊಂಟಕ್ಕೆ ಕಾಸು ಹೊಲಿದ ಬಟ್ಟೆ ಕಟ್ಟಿಕೊಂಡಿದ್ದರು. ಮೈಯೆಲ್ಲ ಸುಮ್ಮನಿತ್ತು, ಸೊಂಟ ಮಾತ್ರ ಡೋಲಿಗೆ ಉತ್ತರ ಕೊಡುತ್ತಿತ್ತು. ನಾನು ಸಿಗಡಿಯ ಚೀಲ ಹಿಡಿದುಕೊಂಡು ನಿಂತುಬಿಟ್ಟೆ.

"ಒಳಗ ಬರ್ರಿ ಅಕ್ಕಾರ, ಬಾಗಲಾಗ ಯಾಕ ನಿಂತೀರಿ?" ಎಂದರು ಆ ಧಾರವಾಡದವರು. ಅಲ್ಲಿ ಅವರೇ ಟೀಚರು.

"ಮೀನಿನ ಕೈ ಮೇಡಂ."

"ಕೈ ಬ್ಯಾಡ್ರಿ, ಸೊಂಟ ಸಾಕು."

ಎಲ್ಲರೂ ನಕ್ಕರು. "ನನಗೆ ಎಂತ ಡ್ಯಾನ್ಸು, ಐವತ್ತು ಕಳೆಯಿತು" ಎಂದೆ.

"ಐವತ್ತಾದ್ರ ಸೊಂಟ ಎಲ್ಲೆರ ಹೊಕ್ಕೈತೇನ್ರಿ? ಇದ್ದಲ್ಲೇ ಐತಲ್ಲ?"

ಮುಂದಿನ ಶನಿವಾರ ಮೀನು ಬೇಗ ಮುಗಿಸಿದೆ. ಟೀಚರ ಮನೆಯ ಹಿಂದಿನ ನಲ್ಲಿಯಲ್ಲಿ ನಿಂಬೆಹುಳಿ ಹಾಕಿ ಕೈ ತಿಕ್ಕಿ, ಹುಡುಗಿಯ ಹಳೆಯ ಚೂಡಿದಾರ ಹಾಕಿಕೊಂಡು ಮೇಲೆ ಹೋದೆ. ಇದಕ್ಕೆ ಬೆಲ್ಲಿ ಡ್ಯಾನ್ಸ್ ಎನ್ನುತ್ತಾರೆಂದು ತಿಳಿದದ್ದು ಆ ದಿನ.

ಬುಟ್ಟಿ ಹೊತ್ತವರಿಗೆ ಇದರಲ್ಲಿ ಒಂದು ಸುಲಭ ಉಂಟು, ಒಂದು ಕಷ್ಟ ಉಂಟು. ಏರುತಗ್ಗಿನ ದಾರಿಯಲ್ಲಿ ತಲೆ ಅಲುಗದಂತೆ ನಡೆಯಬೇಕಾದರೆ ಅಲುಗುವುದನ್ನೆಲ್ಲ ಸೊಂಟವೇ ವಹಿಸಿಕೊಳ್ಳಬೇಕು. ಹಾಗಾಗಿ ಸೊಂಟ ನನ್ನ ಮಾತು ಕೇಳಿತು. ಕೇಳದೇ ಇದ್ದದ್ದು ಬಲಗೈ. ಸೊಂಟ ಎಡಕ್ಕೆ ಹೋದ ಕೂಡಲೇ ಕೈ ತನ್ನಷ್ಟಕ್ಕೆ ಮೇಲೆದ್ದು ತಲೆಯ ಬದಿಯನ್ನು ಹಿಡಿಯುತ್ತಿತ್ತು.

"ಕೈ ಯಾಕ ಮ್ಯಾಲ ಹೊಂಟೈತಿ?"

"ಬುಟ್ಟಿ ಬೀಳ್ತದೆ ಮೇಡಂ" ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

ಪಕ್ಕದಲ್ಲಿದ್ದ ಬ್ಯಾಂಕಿನ ಹೆಂಗಸು ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ನನಗೂ ನಗು ಬಂತು. ಅಕ್ಕ ಹೋದ ಮೇಲೆ ನಾನು ಸ್ವರ ತೆಗೆದು ನಕ್ಕದ್ದು ಅದೇ ಮೊದಲು. ಟೀಚರು ನನ್ನ ಎರಡೂ ಮಣಿಕಟ್ಟುಗಳನ್ನು ಹಿಡಿದು, ಕೈಗಳನ್ನು ಬದಿಗೆ ಚಾಚಿಸಿ, ಹಾಗೆಯೇ ಹಿಡಿದುಕೊಂಡು ನಿಂತರು. ಡೋಲಿನ ಸದ್ದು ನಡೆದೇ ಇತ್ತು. ತಲೆಯ ಮೇಲೆ ಏನೂ ಇಲ್ಲ, ಬೀಳುವುದಕ್ಕೆ ಏನೂ ಇಲ್ಲ ಎಂದು ಮೈಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ಸಂಜೆ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಎಂಥ ಹಸಿವಾಯಿತೆಂದರೆ, ಹೋಟೆಲಿಗೆ ನುಗ್ಗಿ ಗೋಳಿಬಜೆ ತಿಂದು ಮತ್ತೊಂದು ಪ್ಲೇಟು ತರಿಸಿದೆ.

ಅಲ್ಲಿಂದ ಶನಿವಾರ ತಪ್ಪಿಸಲಿಲ್ಲ. ಮನೆಯಲ್ಲೂ ಅಕ್ಕಿ ಬೇಯುವಷ್ಟು ಹೊತ್ತು ಅಭ್ಯಾಸ ಮಾಡುತ್ತಿದ್ದೆ. ನಾನು ಚೆನ್ನಾಗಿ ಕುಣಿಯುತ್ತೇನೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಮೀನು ಕೊಯ್ಯುವುದನ್ನು ಬಿಟ್ಟರೆ ನನಗೆ ಚೆನ್ನಾಗಿ ಬರುವ ಕೆಲಸ ಇದೊಂದೇ, ಮತ್ತು ಇದನ್ನು ನಾನು ಯಾರ ಸಲುವಾಗಿಯೂ ಕಲಿಯಲಿಲ್ಲ.

ಹುಡುಗಿಯ ಮದುವೆ ಕಾರ್ಕಳದ ಹುಡುಗನೊಂದಿಗೆ ಅಕ್ಕ ಇರುವಾಗಲೇ ಮಾತಾಗಿತ್ತು. ಸಾವಾದ ವರ್ಷದೊಳಗೆ ಮಾಡದಿದ್ದರೆ ಮತ್ತೆ ಕಾಯಬೇಕು ಎಂದು ಹಿರಿಯರು ಹೇಳಿ ದಿನ ಇಟ್ಟರು. ಒಂದು ಸಂಜೆ ನಾನು ಅಡುಗೆಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಹುಡುಗಿ ಹಿಂದೆ ಬಂದು ನಿಂತಿದ್ದಾಳೆ, ನನಗೆ ಗೊತ್ತಿಲ್ಲ. ತಿರುಗಿದರೆ ಅವಳ ಕಣ್ಣಲ್ಲಿ ನೀರು.

"ಎಂತ ಆಯಿತು?"

"ಹಿಂದಿನಿಂದ ನೋಡಿದರೆ ಅಮ್ಮ ನಡೆದು ಹೋದ ಹಾಗೇ ಕಾಣ್ತದೆ ಚಿಕ್ಕಮ್ಮ. ಬೆಳಿಗ್ಗೆ ಬುಟ್ಟಿ ಹೊತ್ತು ಹೋಗ್ತಿದ್ದದ್ದು." ಮುಖ ಒರೆಸಿಕೊಂಡು ಹೇಳಿದಳು, "ನನ್ನ ಮೆಹೆಂದಿಗೆ ನೀವು ಇದನ್ನೇ ಕುಣಿಯಬೇಕು."

ನಮ್ಮ ಕಡೆ ಈಗ ಮದುವೆಯ ಹಿಂದಿನ ಸಂಜೆ ಮೆಹೆಂದಿ ಎಂದು ಡಿಜೆ ಹಾಕಿ ಎಲ್ಲರೂ ಕುಣಿಯುತ್ತಾರೆ. ಅದರಲ್ಲಿ ನಾನೊಬ್ಬಳು ಹೆಚ್ಚಾಗುವುದಿಲ್ಲ ಎಂದುಕೊಂಡು ಒಪ್ಪಿದೆ. ಸುದ್ದಿ ಉದ್ಯಾವರದಲ್ಲಿರುವ ಅಣ್ಣನಿಗೆ ಮುಟ್ಟಿತು. ಫೋನು ಬಂತು.

"ಎಂತ ಮಾರಾಯ್ತಿ, ನಿನಗೆ ತಲೆ ಸರಿ ಉಂಟಾ? ಅಕ್ಕ ಹೋಗಿ ವರ್ಷ ಆಗಲಿಲ್ಲ, ನೀನು ಹೊಟ್ಟೆ ಕುಣಿಸ್ಲಿಕ್ಕೆ ಹೊರಟದ್ದಾ? ಕಾರ್ಕಳದವರು ಎಂತ ಹೇಳಿಯಾರು?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನೀನು ಕುಣಿಯುವುದಾದರೆ ಧಾರೆಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ. ನಾನು ಬರುವುದಿಲ್ಲ."

ನಮ್ಮಲ್ಲಿ ತಂದೆಯಿಲ್ಲದ ಹುಡುಗಿಗೆ ಧಾರೆ ಎರೆದುಕೊಡುವವನು ಸೋದರಮಾವ. ಅಣ್ಣ ಬಾರದಿದ್ದರೆ ಅಕ್ಕನ ಮಗಳು ದಿಕ್ಕಿಲ್ಲದವಳಂತೆ ಮಂಟಪದಲ್ಲಿ ನಿಲ್ಲಬೇಕು. "ಬೇಡ ಬಿಡು, ನಾನು ಕುಣಿಯುವುದಿಲ್ಲ" ಎಂದು ಹುಡುಗಿಗೆ ಹೇಳಿದೆ. ಅವಳು ಊಟ ಬಿಟ್ಟು ಎದ್ದು ಹೋದಳು. ಪಾತ್ರೆ ತೊಳೆಯುತ್ತಾ ಯೋಚಿಸಿದೆ. ನಮ್ಮ ಬುಟ್ಟಿಯ ಮೀನನ್ನು ನೋಡದೆಯೇ ಹಾಳು ಎಂದವರೊಂದಿಗೆ ಅಕ್ಕ ಜಗಳಕ್ಕೆ ಹೋಗುತ್ತಿರಲಿಲ್ಲ. ಬುಟ್ಟಿ ಇಳಿಸಿ, ಕಿವಿರು ಎತ್ತಿ ಕೆಂಪು ತೋರಿಸಿ, "ನೋಡಿ ಬೇಡ ಅನ್ನಿ" ಎನ್ನುತ್ತಿದ್ದಳು. ನಾನು ಅವಳ ಹಿಂದೆ ಅಷ್ಟು ವರ್ಷ ನಡೆದು ಅದನ್ನಾದರೂ ಕಲಿತಿರಬೇಡವೇ?

ಭಾನುವಾರ ಮಧ್ಯಾಹ್ನ ಅಣ್ಣನ ಮನೆಗೆ ಹೋದೆ. ಊಟವಾಗಿ ಅವನು ಜಗಲಿಯಲ್ಲಿ ಬಲೆಯ ಹರಕು ನೋಡುತ್ತಿದ್ದ. ಅತ್ತಿಗೆ ಚಾ ಇಡಲು ಎದ್ದರು. "ಚಾ ಆಮೇಲೆ, ನೀವೂ ಕೂತುಕೊಳ್ಳಿ" ಎಂದೆ. ಚೀಲದಿಂದ ಕಾಸಿನ ಬಟ್ಟೆ ತೆಗೆದು ಚೂಡಿದಾರದ ಮೇಲೆ ಕಟ್ಟಿದೆ. ಡೋಲಿನ ಪದ್ಯ ಹಾಕಲು ಫೋನು ಕಿಟಕಿಯಲ್ಲಿಟ್ಟೆ.

"ಇದೆಂತ?" ಎಂದ ಅಣ್ಣ.

"ನೋಡಿ ಬೇಡ ಅನ್ನು. ನೋಡದೆ ಅನ್ನಬೇಡ."

ಮೂವರೇ ಇದ್ದ ಜಗಲಿಯಲ್ಲಿ, ಒಡಹುಟ್ಟಿದವನ ಎದುರು, ಹಗಲು ಬೆಳಕಿನಲ್ಲಿ ಕುಣಿಯುವುದಕ್ಕಿಂತ ಸಾವಿರ ಜನರೆದುರು ಕುಣಿಯುವುದು ಸುಲಭವಿದ್ದೀತು. ಆದರೆ ಡೋಲು ಶುರುವಾದ ಮೇಲೆ ನಾನು ಅಳುಕಲಿಲ್ಲ. ನಿಧಾನದ ಭಾಗವನ್ನು ನಿಧಾನವಾಗಿಯೇ ಮಾಡಿದೆ. ಅಣ್ಣ ಮೊದಲು ಬಲೆ ನೋಡಿದ, ಆಮೇಲೆ ಅಂಗಳ ನೋಡಿದ, ಕೊನೆಗೆ ನನ್ನನ್ನು ನೋಡಿದ. ಪದ್ಯ ಮುಗಿಯಿತು.

"ಅಯ್ಯೋ ದೇವರೇ, ಈ ಮೂಳೆಯಲ್ಲಿ ಇಷ್ಟೆಲ್ಲ ಇತ್ತಾ!" ಎಂದರು ಅತ್ತಿಗೆ, ಬಾಯಿಗೆ ಸೆರಗು ಒತ್ತಿಕೊಂಡು.

ಅಣ್ಣ ಬಲೆಯ ಹರಕಿಗೆ ಬೆರಳು ತೂರಿಸುತ್ತಾ ಕೇಳಿದ, "ಅಕ್ಕ ಇದ್ದಿದ್ದರೆ ಎಂತ ಹೇಳ್ತಿದ್ದಳು?"

"ಬಿದ್ದು ಬಿದ್ದು ನಗಾಡ್ತಿದ್ದಳು. ಆಮೇಲೆ ನನಗೂ ಕಲಿಸು ಅಂತಿದ್ದಳು."

ಅವನು ಬಲೆ ಕೆಳಗಿಟ್ಟ. "ಹೊಟ್ಟೆ ಕಾಣ್ತದೆ ಅಂತ ಹೇಳಿದ್ರು ನನಗೆ."

"ಸೀರೆ ಉಟ್ಟು ಮೀನು ಮಾರುವಾಗ ಊರಿಗೆಲ್ಲ ಕಾಣ್ತದಲ್ಲ ಅಣ್ಣ, ಆಗ ಯಾರೂ ನಿನಗೆ ಹೇಳಲಿಲ್ಲವಾ?"

ಅತ್ತಿಗೆ ಜೋರಾಗಿ ನಕ್ಕರು. ಅಣ್ಣ ನಗಲಿಲ್ಲ. ಕಣ್ಣು ಒರೆಸಿಕೊಂಡು ಎದ್ದು ಅಂಗಳಕ್ಕೆ ಹೋದ. ನಾನು ಚಾ ಕುಡಿದು ಹೊರಟಾಗ ಗೇಟಿನವರೆಗೆ ಬಂದ. "ಮೆಹೆಂದಿಯ ದಿನ ನಾನು ಊಟದ ಕಡೆ ನೋಡಿಕೊಳ್ತೇನೆ. ನಿನ್ನದನ್ನು ಬೇಗ ಮುಗಿಸು. ಮರುದಿನ ಕಾರ್ಕಳಕ್ಕೆ ಬೇಗ ಹೊರಡ್ಲಿಕ್ಕೆ ಉಂಟು" ಎಂದ. ಅಷ್ಟೇ.

ಮೆಹೆಂದಿಯ ಸಂಜೆ ನಾನು ಕುಣಿದೆ. ಹುಡುಗಿಯ ಎರಡೂ ಕೈಗೆ ಮದರಂಗಿ ಹಚ್ಚಿದ್ದರಿಂದ ಚಪ್ಪಾಳೆ ತಟ್ಟಲಾಗದೆ ಕಾಲಿನಿಂದ ನೆಲ ಬಡಿಯುತ್ತಿದ್ದಳು. ಕಾರ್ಕಳದಿಂದ ಬಂದಿದ್ದ ಹುಡುಗನ ಅಮ್ಮ ಹತ್ತಿರ ಬಂದು, ಮೊಣಕಾಲು ನೋವು ಇದ್ದವರಿಗೆ ಇದು ಆಗುತ್ತದಾ ಎಂದು ವಿಚಾರಿಸಿದರು. ಅಣ್ಣ ಊಟದ ಕಡೆಯೇ ಇದ್ದ. ನೋಡಿದನೋ ಇಲ್ಲವೋ, ನಾನು ಕೇಳಲಿಲ್ಲ.

ಮರುದಿನ ಮಂಟಪದಲ್ಲಿ ಅಣ್ಣ, ಅತ್ತಿಗೆ ನಿಂತು ಧಾರೆ ಎರೆದರು. ಬಳಿಕ ಹತ್ತಿರದ ಮದುವೆಯಾದವರು ಒಬ್ಬೊಬ್ಬರಾಗಿ ಹುಡುಗ ಹುಡುಗಿಯ ಕೈಮೇಲೆ ಗಿಂಡಿಯ ನೀರು ಬಿಡುವ ಕ್ರಮ. ಮದುವೆಯಾಗದವಳೆಂದು ನಾನು ಹಿಂದೆ, ಶಂಕರಪುರದ ಮಲ್ಲಿಗೆಯ ಚೆಂಡುಗಳನ್ನು ಹಂಚುತ್ತಾ ಇದ್ದೆ. ಅಣ್ಣ ಗುಂಪಿನ ಮೇಲಿಂದ ನನ್ನನ್ನು ಹುಡುಕಿ ಕರೆದ. ಗಿಂಡಿಯನ್ನು ಬೇರೆ ಯಾರಿಗೂ ಕೊಡದೆ ಹಿಡಿದುಕೊಂಡಿದ್ದ.

"ತೆಗೆದುಕೋ. ಅಕ್ಕನ ಪಾಲಿನದ್ದು ನೀನು ಬಿಡು."

ಯಾರೋ ಹೆಂಗಸು ಏನೋ ಹೇಳಲು ಬಾಯಿ ತೆರೆದರು. ಅಣ್ಣ ಅವರತ್ತ ನೋಡಿದ, ಅವರು ಹಿಂದೆ ಸರಿದರು. ನಾನು ನೆಟ್ಟಗೆ ನಿಂತು, ಕೆಂಪಾದ ಆ ಕೈಗಳ ಮೇಲೆ ನೀರು ಬಿಟ್ಟೆ. ಅವಸರ ಮಾಡಲಿಲ್ಲ. ಗಿಂಡಿ ಖಾಲಿಯಾಗುವವರೆಗೆ ಬಿಟ್ಟೆ.