ಒಂದು ಲೈನಿಗೆ ಒಂದೇ ಟೋಕನ್

ಕೋವಿಡ್ ಹಾವಳಿ ತಗ್ಗಿದ ಮೇಲಿನ ಮಾತು. ಆರೋಗ್ಯ ಯೋಜನೆಗಳ ಮೌಲ್ಯಮಾಪನ ನನ್ನ ಕೆಲಸವಾಗಿತ್ತು. ಅಂದರೆ, ಜನರ ಆರೋಗ್ಯಕ್ಕೆಂದು ಮಾಡಿದ ಕೆಲಸ ಉಪಯೋಗಕ್ಕೆ ಬಂತೋ ಇಲ್ಲವೋ ನೋಡಿ ವರದಿ ಬರೆಯುವುದು. ಹೋದ ಕಡೆಯೆಲ್ಲ ಕಾಫಿ ಕೊಡುತ್ತಿದ್ದರು, ಆದರೆ ನಾನು ಬಂದದ್ದು ಯಾರಿಗೂ ಇಷ್ಟವಿರುತ್ತಿರಲಿಲ್ಲ.

ಆ ಸಲ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ ಕಾರ್ಖಾನೆಗೆ ಹೋಗಿದ್ದೆ. ಅಲ್ಲಿ ಹೊಲಿಯುವ ಹೆಂಗಸರಲ್ಲಿ ಮೂತ್ರದ ಸೋಂಕು ಹೆಚ್ಚಿತ್ತು. ನೀರು ಕುಡಿಯದಿರುವುದೇ ಕಾರಣವೆಂದು ಒಂದು ಸಂಸ್ಥೆಯವರು ಹೊಲಿಗೆ ಮೆಷಿನ್ನುಗಳ ಪ್ರತಿ ಲೈನಿಗೂ ನೀರಿನ ಕ್ಯಾನ್ ಇಡಿಸಿ, ತಿಳಿವಳಿಕೆ ಕೊಡಲು ರತ್ನ ಎಂಬ ನರ್ಸನ್ನು ನೇಮಿಸಿದ್ದರು. ವರ್ಷವಾದರೂ ಸೋಂಕು ಇಳಿದಿರಲಿಲ್ಲ. ನಾನು ‘ಪ್ರಯೋಜನವಿಲ್ಲ’ ಎಂದು ಬರೆದರೆ ಯೋಜನೆ ಮುಚ್ಚುತ್ತಿತ್ತು, ರತ್ನ ಅವರ ಕೆಲಸವೂ ಹೋಗುತ್ತಿತ್ತು.

“ಎಷ್ಟು ಹೇಳಿದ್ರೂ ಕುಡಿಯಲ್ಲ ಮೇಡಂ, ಅವೇರ್‌ನೆಸ್ ಇಲ್ಲ,” ಎಂದರು ಮ್ಯಾನೇಜರ್.

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಯೋಜನೆ ಎಲ್ಲಿ ಸೋತರೂ ತಪ್ಪೆಲ್ಲ ಬಡವರ ತಲೆಗೇ. ರತ್ನ ಕಲಿಸಿದ್ದನ್ನು ಹೆಂಗಸರು ನನಗೆ ಮಗ್ಗಿಯಂತೆ ಒಪ್ಪಿಸಿದ್ದರು. ತಿಳಿವಳಿಕೆಗೇನೂ ಬರವಿರಲಿಲ್ಲ.

ಮರುದಿನ ಪ್ರಶ್ನಾವಳಿ ಬದಿಗಿಟ್ಟು ಬೆಳಿಗ್ಗೆಯಿಂದಲೇ ಲೈನಿನಲ್ಲಿ ಕೂತೆ. ಸೆಕೆಗೆ ನಾನೊಬ್ಬಳೇ ಮತ್ತೆ ಮತ್ತೆ ನೀರು ಕುಡಿದೆ. ಆಗಬೇಕಾದ್ದೇ ಆಯಿತು, ಟಾಯ್ಲೆಟ್ಟಿಗೆಂದು ಎದ್ದೆ. ಪಕ್ಕದ ಮೆಷಿನ್ನಿನ ಲಕ್ಷ್ಮಿ ತಲೆ ಎತ್ತದೆಯೇ, “ತಡೀರಿ ಅಕ್ಕ, ಟೋಕನ್ ಬರ್ಲಿ. ಸರೋಜ ತಗೊಂಡೋಗವ್ಳೆ,” ಎಂದಳು.

ಇಡೀ ಲೈನಿಗೆ ಒಂದೇ ಟೋಕನ್. ಅದು ಕೈಯಲ್ಲಿದ್ದವರು ಮಾತ್ರ ಟಾಯ್ಲೆಟ್ಟಿಗೆ ಹೋಗಬಹುದು, ಅವರು ಬರುವ ತನಕ ಉಳಿದವರು ತಡೆದುಕೊಳ್ಳಬೇಕು. ಸೂಪರ್‌ವೈಸರ್ ಓಡಿಬಂದು, “ನಿಮಗೆ ಬೇಡ ಮೇಡಂ,” ಎಂದ. ಹೆಂಗಸರೆಲ್ಲ ನಕ್ಕರು.

“ಕುಡ್ದು ಒದ್ದಾಡೋದಕ್ಕಿಂತ ಕುಡೀದೇ ಇರೋದೇ ವಾಸಿ ಅಲ್ವಾ ಅಕ್ಕ,” ಎಂದಳು ಲಕ್ಷ್ಮಿ.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ರತ್ನ ಅವರನ್ನು ಕೇಳಿದೆ. “ಮ್ಯಾನೇಜರಿಗೆ ಹೇಳಿದ್ದೆ ಮೇಡಂ. ನೀರು ನಿಮ್ದು, ಟೋಕನ್ ನಮ್ದು ಅಂದ್ಬಿಟ್ರು.”

ಸಂಜೆ ಮೀಟಿಂಗಿನಲ್ಲಿ ಟೋಕನ್ ತೆಗೆಯಲು ಹೇಳಿದೆ. ಪ್ರೊಡಕ್ಷನ್ ಬಿದ್ದುಹೋಗುತ್ತದೆ ಎಂದು ಮ್ಯಾನೇಜರ್ ಹಟ ಹಿಡಿದರು. ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಅವರ ಮುಂದೆ ಸರಿಸಿದೆ.

“ಇದನ್ನ ಪೂರ್ತಿ ಕುಡೀರಿ ಸಾರ್. ನಾನು ಹೇಳೋವರೆಗೂ ಏಳೋ ಹಾಗಿಲ್ಲ.”

ಅವರು ಬಾಟಲಿ ಮುಟ್ಟಲಿಲ್ಲ. ಒಂದು ಲೈನಿನಲ್ಲಿ ತೆಗೆದು ನೋಡೋಣ ಎಂದರು. ಟೋಕನ್ ಇರುವವರೆಗೆ ಈ ಯೋಜನೆ ಸೋತಿತೆನ್ನುವುದು ಅನ್ಯಾಯವೆಂದು ನಾನು ವರದಿಯಲ್ಲಿ ಬರೆದೆ.

ಮಳೆಗಾಲ ಕಳೆದು ಮತ್ತೆ ಹೋದಾಗ ಯಾವ ಲೈನಿನಲ್ಲೂ ಟೋಕನ್ ಇರಲಿಲ್ಲ. ಪ್ರೊಡಕ್ಷನ್ನೂ ಬಿದ್ದಿರಲಿಲ್ಲ, ಸೋಂಕು ಇಳಿಯತೊಡಗಿತ್ತು. ಜನರಿಗೆ ಏನು ಕೊಟ್ಟಿರಿ ಎಂದು ಕೇಳಿದರೆ ಸಾಲದು, ತೆಗೆದುಕೊಂಡ ಮೇಲೆ ಅವರ ಪಾಡೇನು ಎಂದೂ ಕೇಳಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನೇ.

ಹೊರಡುವಾಗ ರತ್ನ ಗೊಣಗಿದರು: “ಕ್ಯಾನ್ ಮಧ್ಯಾಹ್ನಕ್ಕೇ ಖಾಲಿಯಾಗೋಗುತ್ತೆ ಮೇಡಂ. ತುಂಬ್ಸಿ ತುಂಬ್ಸಿ ಸಾಕಾಗೋಯ್ತು.”